ಅಂಟವಾಳದ ಮೇಷ್ಟ್ರು

ಜನವರಿಯ ಒಂದು ಬೆಳಿಗ್ಗೆ, ಆರೂ ಮುಕ್ಕಾಲಿಗೆ, ರಾಮಪ್ರಸಾದನ ಫೋನಿಗೆ ಅಪಾರ್ಟ್‌ಮೆಂಟ್ ಸಂಘದಿಂದ ಒಂದು ಮೆಸೇಜು ಬಂತು. ಹೂಗುಚ್ಛ, ಚಪ್ಪಾಳೆ ತಟ್ಟುವ ಕೈಗಳು, ನೀಲಿ ಹನಿಗಳು ಎಲ್ಲವನ್ನೂ ಧಾರಾಳವಾಗಿ ಸುರಿದಿದ್ದ ಮೆಸೇಜು. 'ಅಭಿನಂದನೆಗಳು ರಾಮಪ್ರಸಾದ್ ಸರ್. ನಮ್ಮ ನಾನೂರ ಇಪ್ಪತ್ತು ಮನೆಗಳಲ್ಲಿ ತಲಾ ಅತಿ ಕಡಿಮೆ ನೀರು ಬಳಸಿದ ಮನೆ ನಿಮ್ಮದು. ಇಪ್ಪತ್ತಾರನೇ ತಾರೀಕು ಧ್ವಜಾರೋಹಣ ಆದ ಮೇಲೆ ಬಹುಮಾನ ಕೊಡುತ್ತೇವೆ. ಬಟ್ಟೆ ಒಗೆಯುವ ನಿಮ್ಮ ಪದ್ಧತಿಯ ಬಗ್ಗೆ ದಯವಿಟ್ಟು ಎರಡು ಮಾತು ಆಡಬೇಕು.'

ರಾಮಪ್ರಸಾದ ಎರಡು ಮಾತು ಆಡುವ ಸ್ಥಿತಿಯಲ್ಲಿರಲಿಲ್ಲ. ಅವನು ತೀರಿಕೊಂಡು ಏಳು ತಿಂಗಳು ದಾಟಿತ್ತು.

ಮೆಸೇಜು ಓದಿದವಳು ಅವನ ಹೆಂಡತಿ ವತ್ಸಲಾ. ಐವತ್ತಾರು ವರ್ಷ. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷದ ನೌಕರಿ. ನಾಗಸಂದ್ರ ಮೆಟ್ರೋ ನಿಲ್ದಾಣದ ಹತ್ತಿರದ ಈ ಅಪಾರ್ಟ್‌ಮೆಂಟಿನ ಎ ಬ್ಲಾಕಿನಲ್ಲಿ, ಮೂರನೇ ಮಹಡಿಯಲ್ಲಿ ಮನೆ. ಮಕ್ಕಳಿಲ್ಲ. ಗಂಡನ ಫೋನನ್ನು ಅವಳು ದಿನಾ ಚಾರ್ಜಿಗೆ ಹಾಕುತ್ತಿದ್ದಳು, ದಿನಾ ತೆಗೆಯುತ್ತಿದ್ದಳು. ಯಾಕೆ ಎಂದು ಯಾರಾದರೂ ಕೇಳಿದ್ದರೆ, ಗ್ಯಾಸ್ ಬುಕ್ಕಿಂಗಿಗೆ ಕೊಟ್ಟಿರುವ ನಂಬರು ಅದೇ ಎನ್ನುತ್ತಿದ್ದಳೇನೋ. ಕೇಳುವವರು ಇರಲಿಲ್ಲ.

ಓದಿ ಅವಳು ಮಾಡಿದ್ದು ಇಷ್ಟು: ಫೋನನ್ನು ಫ್ರಿಜ್ಜಿನ ಮೇಲಿಟ್ಟಳು, ಡಬ್ಬಿ ಕಟ್ಟಿಕೊಂಡಳು, ಕೆಳಗಿಳಿದು ಫ್ಯಾಕ್ಟರಿ ಬಸ್ಸು ಹತ್ತಿದಳು. ಬಸ್ಸು ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ನಿಂತಾಗ ವಿಷಯ ನಿಧಾನಕ್ಕೆ ತಲೆಗೆ ಇಳಿಯಿತು. ರಾಮಪ್ರಸಾದ ಸತ್ತದ್ದು ಆ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಅವಳು ಹೇಳಿಲ್ಲ. ಅಪಾರ್ಟ್‌ಮೆಂಟು ಹಾಗಿರಲಿ, ಭೂಮಿಯ ಮೇಲೆ ಯಾರಿಗೂ ಅವಳು ತನ್ನ ಬಾಯಿಂದ ಅದನ್ನು ಹೇಳಿರಲಿಲ್ಲ. ನೆಂಟರಿಗೆಲ್ಲ ಫೋನು ಮಾಡಿದವನು ತುಮಕೂರಿನ ಮೈದುನ. ಕಾರ್ಖಾನೆಗೆ ರಜೆಯ ಅರ್ಜಿ ಬರೆದು, ಕಾರಣ ಬರೆದು, ತಾನೇ ಹೋಗಿ ಕೊಟ್ಟು ಬಂದವನೂ ಅವನೇ. ಎಲ್ಲೆಡೆ ಬೇರೆಯವರು ಹೇಳಿ ಮುಗಿಸಿದ್ದರು. ಉಳಿದದ್ದು ಇದೊಂದು ಜಾಗ. ಇಲ್ಲಿ ಅವಳೇ ಹೇಳಬೇಕಿತ್ತು, ಮೂರು ದಿನದೊಳಗೆ ಹೇಳಬೇಕಿತ್ತು. ಇಲ್ಲದಿದ್ದರೆ ಮೈಕಿನ ಮುಂದೆ ನಿಂತು ಹೇಳಬೇಕಾಗುತ್ತಿತ್ತು.

ರಾಮಪ್ರಸಾದನ ಬಗ್ಗೆ ಸ್ವಲ್ಪ ಹೇಳಿಬಿಡೋಣ. ಸತ್ತವರೆಲ್ಲ ದೇವರಂಥವರು ಎನ್ನುವ ಪದ್ಧತಿ ಇಲ್ಲಿ ಬೇಡ. ಅವನು ತಲೆ ತಿನ್ನುವುದರಲ್ಲಿ ಎತ್ತಿದ ಕೈ. ಅದೇ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ. ಬೇರೆಯವರು ಮಾಡಿದ ಕೆಲಸವನ್ನು ಅಳೆದು ನೋಡಿ, ಸರಿಯಿಲ್ಲ ಎಂದು ವಾಪಸು ಕಳಿಸುವುದು ಮೂವತ್ತೈದು ವರ್ಷ ಅವನ ಕೆಲಸ. ರಿಟೈರಾದ ಮೇಲೆ ಅಳೆಯಲು ಏನೂ ಸಿಗದೆ ಚಡಪಡಿಸುತ್ತಿದ್ದವನಿಗೆ ಎರಡು ಸಾವಿರದ ಇಪ್ಪತ್ನಾಲ್ಕರ ಬೇಸಿಗೆ ದೊಡ್ಡ ಉಪಕಾರ ಮಾಡಿತು. ಅಪಾರ್ಟ್‌ಮೆಂಟಿನ ಮೂರೂ ಬೋರುಗಳು ಒಣಗಿದವು. ಗೇಟಿನ ಹೊರಗೆ ಟ್ಯಾಂಕರುಗಳು ಸಾಲುಗಟ್ಟಿದವು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು. ಅದರ ಮೇಲೆ, ಕೊಳಚೆ ನೀರನ್ನು ಶುದ್ಧ ಮಾಡಿ ಫ್ಲಶ್ಶಿಗೆ ಬಿಡುತ್ತಿದ್ದ ಘಟಕದಲ್ಲಿ ಸೋಪಿನ ಪುಡಿ ಮಿತಿಮೀರಿ, ನಾನೂರ ಇಪ್ಪತ್ತು ಮನೆಗಳ ಕಮೋಡುಗಳಲ್ಲಿ ಬುಳುಬುಳು ನೊರೆ ಏಳತೊಡಗಿತು. ರಾಮಪ್ರಸಾದ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಕೈ ತೊಳೆದುಕೊಂಡು ಬಿದ್ದ.

ಆರು ಕಿಲೋ ಬಟ್ಟೆ ಸೇರದೆ ಮೆಷಿನ್ ಹಾಕುವಂತಿಲ್ಲ ಎಂದು ಮನೆಯಲ್ಲಿ ಕಾನೂನಾಯಿತು. ಅದಕ್ಕೆಂದು ದಾಸರಹಳ್ಳಿಯಿಂದ ಕೊಕ್ಕೆಯ ತಕ್ಕಡಿಯೊಂದನ್ನು ತಂದು ಬಾಲ್ಕನಿಯಲ್ಲಿ ನೇತುಹಾಕಿದ. ಬಿಸಿನೀರಿನ ಗುಂಡಿಯ ಮೇಲೆ ಇನ್ಸುಲೇಷನ್ ಟೇಪು ಅಂಟಿಸಿದ. ಮೆಷಿನ್ನು ಹೊರಹಾಕುವ ಕೊನೆಯ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಬೇಕು. ಒಣಗಿಸುವ ಮೆಷಿನ್ನಿನ ಮಾತು ಯಾರಾದರೂ ಎತ್ತಿದರೆ, ತುಮಕೂರು ರಸ್ತೆಯ ಬಿಸಿಲು ಏನು ಬಾಡಿಗೆ ಕೇಳುತ್ತಾ ಎಂದು ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಸೋಪಿನ ಪುಡಿ ಬಂದ್. ಅದರ ಬದಲು ಅಂಟವಾಳಕಾಯಿ. 'ನೀರು ಉಳಿಸಿ' ಎಂಬ ವಾಟ್ಸಪ್ ಗುಂಪಿನಲ್ಲಿ ಈ ಬಗ್ಗೆ ದಿನಕ್ಕೆ ನಾಲ್ಕು ಸಲ ಪಾಠ ಮಾಡಿ, ಪುಡಿ ಹಾಕುವವರನ್ನೆಲ್ಲ ಬೈದದ್ದಕ್ಕೆ ಕೊನೆಗೆ ಜನ ಅವನಿಗೆ 'ಅಂಟವಾಳದ ಮೇಷ್ಟ್ರು' ಎಂದು ಹೆಸರಿಟ್ಟರು. ಗೇಲಿ ಮಾಡಲೆಂದು ಇಟ್ಟ ಹೆಸರು. ಅವನು ಬಿರುದೆಂದು ತಿಳಿದುಕೊಂಡ.

ಇದರಲ್ಲಿ ಒಂದು ಸಣ್ಣ ಸಂಗತಿ ಗುಂಪಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಜನ್ಮದಲ್ಲಿ ಬಟ್ಟೆ ಒಗೆದವನಲ್ಲ. ದಾಸರಹಳ್ಳಿಯ ಗ್ರಂಧಿಗೆ ಅಂಗಡಿಯಿಂದ ಕಾಯಿ ತಂದವಳು ವತ್ಸಲಾ. ಬೀಜ ತೆಗೆಯದೆ ಹಾಕಿ, ಡ್ರಮ್ಮು ಗಡಗಡ ಎಂದಾಗ ಕಿವಿ ಮುಚ್ಚಿಕೊಂಡವಳು ಅವಳು. ಹಸಿಯಾಗಿ ನೆನೆಸಿದರೆ ಸಾಲದು, ಹತ್ತು ನಿಮಿಷ ಕುದಿಸಬೇಕು, ಕೈಯಲ್ಲಿ ಚೆನ್ನಾಗಿ ಕಿವುಚಬೇಕು, ಕಿಲೋ ಬಟ್ಟೆಗೆ ಎರಡು ಕಾಯಿ ಸಾಕು ಎಂದು ಒಂದು ತಿಂಗಳು ಒದ್ದಾಡಿ ಕಂಡುಕೊಂಡವಳು ಅವಳು. ಸೋಫಾದ ಮೇಲೆ ಕೂತು 'ನನ್ನ ಪ್ರಯೋಗದ ಪ್ರಕಾರ' ಎಂದು ಶುರುಮಾಡಿ ಗುಂಪಿಗೆ ಬರೆಯುತ್ತಿದ್ದವನು ಅವನು.

ಅವಳಿಗೆ ಆಗ ಕೋಪ ಬರುತ್ತಿತ್ತು. ಬಾಯಿಬಿಟ್ಟು ಹೇಳುತ್ತಲೂ ಇದ್ದಳು.

"ಒಗೆಯೋಳು ನಾನು, ಭಾಷಣ ನಿಮ್ದು."

"ಒಬ್ರು ಒಗೀಬೇಕು, ಒಬ್ರು ಹೇಳ್ಬೇಕು ಕಣೇ. ಇಬ್ರೂ ಒಗೀತಾ ಕೂತ್ರೆ ಊರು ಉದ್ಧಾರ ಆಗೋದು ಹೆಂಗೆ?"

ಇಂಥವನ ಜೊತೆ ಏನೆಂದು ಜಗಳ ಆಡುವುದು? ಅವಳು ತಕ್ಕಡಿಗೆ ಬಟ್ಟೆ ಸಿಕ್ಕಿಸಿ, ಐದೂ ಮುಕ್ಕಾಲು ಕಿಲೋ ಆಗಿದೆ ಹಾಕಲಾ ಎಂದು ಕೇಳುತ್ತಿದ್ದಳು. ಅವನು ತಾನು ಹೊದ್ದಿದ್ದ ಟವೆಲ್ಲನ್ನು ತೆಗೆದು ಎಸೆದು, ಈಗ ಹಾಕು ಎನ್ನುತ್ತಿದ್ದ.

ಮರುವರ್ಷ ಜೂನಿನಲ್ಲಿ ಅವನು ತಮ್ಮನ ಮೊಮ್ಮಗುವಿನ ನಾಮಕರಣಕ್ಕೆಂದು ಒಂದು ದಿನ ಮುಂಚೆ ತುಮಕೂರಿಗೆ ಹೋದ. ವತ್ಸಲಾ ಮಾರನೆಯ ದಿನ ಬರುವುದೆಂದು ಮಾತಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಹೊರಗೆ ಬಂದು, ಕಾಫಿಗೆ ಹೇಳಿ, ಬೆಂಚಿನ ಮೇಲೆ ಕೂತವನು ಕೂತಲ್ಲೇ ವಾಲಿದನಂತೆ. ಆಸ್ಪತ್ರೆ ತಲುಪುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಮೈದುನ ಅವಳನ್ನು ಕಾರಿನಲ್ಲಿ ಕರೆಸಿಕೊಂಡ. ಬೆಂಕಿ, ಬೂದಿ, ಹನ್ನೊಂದು, ಹದಿಮೂರು, ಎಲ್ಲವೂ ಅಲ್ಲಿಯೇ ಆದವು. ನಾಗಸಂದ್ರದ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಆಂಬುಲೆನ್ಸು ಬರಲಿಲ್ಲ, ಹೂವು ಬೀಳಲಿಲ್ಲ, ನೆಂಟರ ಚಪ್ಪಲಿಗಳು ಲಿಫ್ಟಿನ ಮುಂದೆ ಸೇರಲಿಲ್ಲ. ಹದಿನೈದನೆಯ ದಿನ ಅವಳು ಒಂದು ಬ್ಯಾಗು ಹಿಡಿದು ಆಟೋ ಇಳಿದಾಗ ಗೇಟಿನ ವಾಚ್‌ಮನ್ ಇರಣ್ಣ ಕೇಳಿದ್ದು ಒಂದೇ ಮಾತು.

"ಸಾರ್ ಬರ್ಲಿಲ್ವಾ ಅಮ್ಮ?"

"ಇಲ್ಲ," ಎಂದಳು.

ಸುಳ್ಳೇನಲ್ಲ. ಆಮೇಲೆ ಅವನು ವಾರಕ್ಕೊಮ್ಮೆ, ಸಾರ್ ಎಲ್ಲಿದಾರಮ್ಮ ಎಂದರೆ, ತುಮಕೂರು ಎನ್ನುತ್ತಿದ್ದಳು. ಅದೂ ಸುಳ್ಳಲ್ಲ. ತಮ್ಮನ ಮನೆ ಕಟ್ಟಿಸುವುದನ್ನು ನೋಡಿಕೊಳ್ಳಲು ಸಾರ್ ಅಲ್ಲೇ ಉಳಿದಿದ್ದಾರೆ ಎಂದು ಇರಣ್ಣ ತಾನೇ ಊಹಿಸಿ, ತಾನೇ ನಾಲ್ಕು ಜನಕ್ಕೆ ಹೇಳಿದ. ಕೆಲಸ ಹಗುರವಾಯಿತು.

ಅವಳು ಹೇಳದೆ ಇದ್ದದ್ದು ಯಾವ ಹಂಚಿಕೆಯಿಂದಲೂ ಅಲ್ಲ. ಬಾಯಿ ಏಳಲಿಲ್ಲ, ಅಷ್ಟೇ. ಅಳುವೂ ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಕುಂಕುಮದ ಜಾಗದಲ್ಲಿ ಅವಳು ಮೊದಲಿನಿಂದಲೂ ಇಡುತ್ತಿದ್ದದ್ದು ಸಣ್ಣ ಸ್ಟಿಕ್ಕರು; ಅದನ್ನು ಹಾಗೇ ಇಟ್ಟುಕೊಂಡಳು. ಮೈದುನ ಬಂದು ಅಣ್ಣನ ಬಟ್ಟೆಗಳನ್ನೆಲ್ಲ ಮೂಟೆ ಕಟ್ಟಿ ಯಾವುದೋ ಆಶ್ರಮಕ್ಕೆ ಕೊಟ್ಟ. ಅವಳು ಲಿಫ್ಟಿನವರೆಗೆ ಮೂಟೆಯ ಒಂದು ತುದಿ ಹಿಡಿದುಕೊಂಡಳು. ಕಾರ್ಖಾನೆಯಲ್ಲಿ ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ಧೈರ್ಯವಂತೆ, ಮಣ್ಣಂತೆ! ಒಳಗೆ ಏನೂ ನಡೆಯುತ್ತಿರಲಿಲ್ಲ. ಶಾವಿಗೆ ಬಸಿದರೆ ಶಾವಿಗೆ, ನಟ್ಟು ಬೋಲ್ಟು ಎಣಿಸಿದರೆ ನಟ್ಟು ಬೋಲ್ಟು. ಊಟಕ್ಕೆ ಕೂತರೆ ಹೊಟ್ಟೆ ತುಂಬುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು. ತನಗೆ ಗಂಡನ ಮೇಲೆ ಪ್ರೀತಿಯೇ ಇರಲಿಲ್ಲವೇನೋ ಎಂದು ಒಂದು ದಿನ ಬಸ್ಸಿನಲ್ಲಿ ಅನ್ನಿಸಿತು. ಅದರಿಂದಲೂ ನೋವಾಗಲಿಲ್ಲ.

ಬಟ್ಟೆಯೊಂದು ಮಾತ್ರ ತೊಡಕಾಗಿ ಉಳಿಯಿತು. ಇಬ್ಬರಿದ್ದಾಗ ಐದು ದಿನಕ್ಕೆ ಆರು ಕಿಲೋ ಆಗುತ್ತಿತ್ತು. ಒಬ್ಬಳ ಬಟ್ಟೆ ಎಷ್ಟೆಂದು ಆದೀತು? ಹತ್ತು ದಿನವಾದರೂ ತಕ್ಕಡಿಯ ಮುಳ್ಳು ಮೂರೂವರೆಯ ಹತ್ತಿರ ತೂಕಡಿಸುತ್ತಿತ್ತು. ಉಡುವ ಸೀರೆಗಳು ಮುಗಿದು, ಪೆಟ್ಟಿಗೆಯಿಂದ ಮದುವೆಮನೆಯ ಸೀರೆ ತೆಗೆದು ಉಟ್ಟುಕೊಂಡು ಸ್ಟೋರ್ಸಿಗೆ ಹೋದಳು. ಹಾಸಿಗೆಯ ಮೇಲಿನ ಚಾದರ, ಕಿಟಕಿಯ ಪರದೆ, ಸೋಫಾದ ಹೊದಿಕೆ, ಒಗೆಯಬೇಕಾಗಿಲ್ಲದ್ದನ್ನೆಲ್ಲ ಸೇರಿಸಿ ಹದಿಮೂರನೆಯ ದಿನ ತೂಕ ತುಂಬಿಸಿದಳು. ಮೂರು ಕಿಲೋಗೇ ಹಾಕಿಬಿಟ್ಟಿದ್ದರೆ ಕೇಳುವವರು ಯಾರಿದ್ದರು! ಗುಂಡಿ ಒತ್ತಿದರಾಯಿತು. ಅವಳು ಒತ್ತಲಿಲ್ಲ. ಒತ್ತಬಾರದೆಂದು ತೀರ್ಮಾನ ಮಾಡಿದ್ದೂ ಇಲ್ಲ.

ಮೀಟರು ಇದನ್ನೆಲ್ಲ ನೋಡುತ್ತಿತ್ತು. ಬೇಸಿಗೆಯ ಆ ಬರದ ನಂತರ ಸಂಘದವರು ಮನೆಮನೆಗೂ ನೀರಿನ ಮೀಟರು ಕೂರಿಸಿ, ಮನೆಯಲ್ಲಿ ಎಷ್ಟು ಜನ ಎಂದು ಬರೆದುಕೊಂಡಿದ್ದರು. ಅವಳ ಮನೆಯ ಮುಂದೆ 'ಇಬ್ಬರು' ಎಂದಿತ್ತು. ಒಬ್ಬಳು ಬಳಸಿದ ನೀರನ್ನು ಇಬ್ಬರಿಗೆ ಹಂಚಿದರೆ ಮೊದಲ ಸ್ಥಾನ ಬಾರದೆ ಇನ್ನೇನು?

ಗುಂಪಿನ ಸಂಗತಿ ಶುರುವಾದದ್ದು ಜುಲೈಯಲ್ಲಿ. ಬಿ ಬ್ಲಾಕಿನ ಸುಜಯ್ ಎಂಬ ಹುಡುಗ, ಪೀಣ್ಯದ ಒಂದು ಕಂಪನಿಯಲ್ಲಿ ಇಂಜಿನಿಯರು, ಹೊಸದಾಗಿ ತಂದೆಯಾದವನು, ಗುಂಪಿನಲ್ಲಿ ಕೇಳಿದ್ದ. 'ಮೇಷ್ಟ್ರೇ, ಪಾಪು ಬಟ್ಟೆಗೆ ಅಂಟವಾಳ ಹಾಕ್ಬೋದಾ? ಎಷ್ಟು ಕಾಯಿ?' ಬೆಳಿಗ್ಗೆ ಕೇಳಿದ ಪ್ರಶ್ನೆ ಸಂಜೆಯಾದರೂ ಹಾಗೇ ಬಿದ್ದಿತ್ತು. ಒಬ್ಬ ಪುಣ್ಯಾತ್ಮನೂ ಉತ್ತರ ಕೊಟ್ಟಿರಲಿಲ್ಲ. ಉತ್ತರ ವತ್ಸಲಾಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಕೈಯಲ್ಲಿದ್ದ ಫೋನಿನಲ್ಲಿ ಒತ್ತಿದಳು. 'ಹಾಕಬಹುದು. ಕಿಲೋಗೆ ಎರಡು. ಬೀಜ ತೆಗೆದು ಕುದಿಸಿ.' ಗುಂಡಿ ಒತ್ತಿದ ಮೇಲೆ ತನ್ನ ಫೋನಿನಲ್ಲಿ ನೋಡಿದರೆ ಉತ್ತರದ ಮೇಲೆ ರಾಮಪ್ರಸಾದ ಎಂಬ ಹೆಸರು, ಪಕ್ಕದಲ್ಲಿ ಅವನ ಫೋಟೋ.

'ಥ್ಯಾಂಕ್ಯೂ ಮೇಷ್ಟ್ರೇ. ಕಾಣೋದೇ ಇಲ್ಲ, ಎಲ್ಲಿದೀರಾ?'

'ತುಮಕೂರು,' ಎಂದು ಬರೆದಳು.

ಆಮೇಲೆ ನಿಲ್ಲಿಸುವುದಾದರೂ ಹೇಗೆ? ರೇಷ್ಮೆಗೆ ಹಾಕಬಹುದೇ, ನೊರೆ ಬರದಿದ್ದರೆ ಕೊಳೆ ಹೋಗುತ್ತದೆಯೇ, ಜೀನ್ಸನ್ನು ವಾರಕ್ಕೆ ಎಷ್ಟು ಸಲ ಒಗೆಯಬೇಕು. ಜನ ಕೇಳುತ್ತಲೇ ಹೋದರು, ಅವಳು ಹೇಳುತ್ತಲೇ ಹೋದಳು. ರಾಮಪ್ರಸಾದನಂತೆ ಬೈಯಲು ಅವಳಿಗೆ ಬರುತ್ತಿರಲಿಲ್ಲ. ತಣ್ಣೀರಿನಲ್ಲಿ ಒಗೆದರೆ ಎಣ್ಣೆ ಕಲೆ ಹೋಗುವುದಿಲ್ಲ ಎಂದು ಒಬ್ಬಳು ಬರೆದಾಗ, ಕಲೆಗೆ ಮೊದಲು ಕಡಲೆಹಿಟ್ಟು ತಿಕ್ಕಿ ನೋಡಿ ಎಂದಳು. ಅವನಾಗಿದ್ದರೆ, ಎಣ್ಣೆ ಚೆಲ್ಲದೆ ಊಟ ಮಾಡೋದು ಕಲೀರಿ ಎನ್ನುತ್ತಿದ್ದ. ಮೇಷ್ಟ್ರು ತುಮಕೂರಿಗೆ ಹೋಗಿ ಮೆತ್ತಗಾಗಿಬಿಟ್ಟಿದ್ದಾರೆ ಎಂದು ಗುಂಪಿನಲ್ಲಿ ತಮಾಷೆ ನಡೆಯಿತು. ಪುಡಿ ಹಾಕುತ್ತಿದ್ದ ನಲವತ್ತು ಐವತ್ತು ಮನೆಗಳು ಪುಡಿ ಬಿಟ್ಟವು. ದಿನದಲ್ಲಿ ಆ ಹತ್ತು ನಿಮಿಷ ಮಾತ್ರ ಅವಳಿಗೆ ತಾನು ಯಾರ ಜೊತೆಗೋ ಇದ್ದೇನೆ ಅನ್ನಿಸುತ್ತಿತ್ತು. ಅದನ್ನು ಬಿಡಲು ಇಷ್ಟವಿರಲಿಲ್ಲ. ಸತ್ಯ ಹೇಳಿದರೆ ಅದೂ ಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೆಸೇಜು ಬಂದ ಮಾರನೆಯ ಸಂಜೆ ಸಂಘದ ನೀರಿನ ಸಮಿತಿಯ ಕಾವ್ಯಾ ಮನೆಗೇ ಬಂದಳು. ಮೇಲಿನ ಮಹಡಿಯ ಸಾಫ್ಟ್‌ವೇರ್ ಹುಡುಗಿ, ಕೆಲಸ ಜಾಸ್ತಿ, ಮಾತು ಅದಕ್ಕಿಂತ ಜಾಸ್ತಿ. ಜೊತೆಯಲ್ಲಿ ಅವಳ ಅತ್ತೆ ರುದ್ರಮ್ಮ, ಗದುಗಿನ ಕಡೆಯವರು, ಎಪ್ಪತ್ತು ದಾಟಿದವರು, ಹಣೆಯಲ್ಲಿ ವಿಭೂತಿ.

"ಆಂಟಿ, ಕಂಗ್ರಾಟ್ಸ್. ಅಂಕಲ್ ಬರ್ತಾರೆ ತಾನೆ? ಚೀಫ್ ಗೆಸ್ಟ್ ತರ ಇಡೀ ಪ್ರೋಗ್ರಾಂ ಅವ್ರ ಮೇಲೇ ಪ್ಲ್ಯಾನ್ ಮಾಡಿದೀವಿ."

"ತುಮಕೂರಲ್ಲಿದಾರೆ."

"ಒಂದಿನಕ್ಕೆ ಬರಕ್ಕಾಗಲ್ವಾ? ತಡೀರಿ, ನಾನೇ ಮಾತಾಡ್ತೀನಿ." ವತ್ಸಲಾ ಬಾಯಿ ತೆರೆಯುವಷ್ಟರಲ್ಲಿ ಕಾವ್ಯಾ ನಂಬರು ಒತ್ತಿಯಾಗಿತ್ತು.

ಫ್ರಿಜ್ಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಮೂವರೂ ಅದು ನಿಲ್ಲುವವರೆಗೆ ಅದರ ಕಡೆಗೇ ನೋಡಿದರು.

"ಇಲ್ಲೇ ಬಿಟ್ಟು ಹೋಗಿದಾರೆ," ಎಂದಳು ವತ್ಸಲಾ.

"ಮತ್ತೆ ಗ್ರೂಪಲ್ಲಿ ರಿಪ್ಲೈ ಬರುತ್ತಲ್ಲ ಆಂಟಿ, ನೀವು ಹಾಕ್ತೀರಾ?"

"ಒಂದೊಂದ್ಸಲ."

ಕಾವ್ಯಾ ನಕ್ಕಳು. "ಅಂಕಲ್ ಡಿಕ್ಟೇಟ್ ಮಾಡೋದು, ನೀವು ಟೈಪ್ ಮಾಡೋದು. ಗೊತ್ತು ಬಿಡಿ. ಹಂಗಾದ್ರೆ ಅವ್ರ ಪರವಾಗಿ ನೀವೇ ಬಂದು ತಗೊಳ್ಳಿ, ಎರಡು ಮಾತಾಡಿ. ಸರ್ಟಿಫಿಕೇಟ್ ಅಂಕಲ್ ಹೆಸರಲ್ಲೇ ಪ್ರಿಂಟಾಗೋಗಿದೆ." ಅಷ್ಟರಲ್ಲಿ ಅವಳಿಗೆ ಯಾವುದೋ ಕರೆ ಬಂದು, ಮಾತಾಡುತ್ತಲೇ ಮೆಟ್ಟಿಲು ಹತ್ತಿಬಿಟ್ಟಳು.

ರುದ್ರಮ್ಮ ಏಳಲಿಲ್ಲ. ಅವರು ಬಾಲ್ಕನಿಯ ಕಡೆ ಮುಖ ಮಾಡಿ ಕೂತಿದ್ದರು. ಅಲ್ಲಿ ಹಗ್ಗ ಎಳೆದರೆ ಮೇಲೆ ಕೆಳಗೆ ಆಗುವ ಆರು ಕಂಬಿಗಳಲ್ಲಿ ಹಿಂದಿನ ದಿನ ಒಗೆದ ಬಟ್ಟೆಗಳಿದ್ದವು. ಸೀರೆಗಳು, ಲಂಗ, ರವಿಕೆ, ನೈಟಿ, ಎರಡು ಪರದೆ. ಗಂಡಸಿನ ಬನಿಯನ್ನು ಒಂದೂ ಇಲ್ಲ. ಮನೆ ನಡೆಸಿದ ಹೆಂಗಸಿನ ಕಣ್ಣಿಗೆ ಅದಕ್ಕಿಂತ ಹೆಚ್ಚಿಗೆ ಏನು ಬೇಕು?

"ಎಷ್ಟ ದಿವ್ಸ ಆತು ತಂಗಿ?" ಎಂದು ಮೆಲ್ಲಗೆ ಕೇಳಿದರು.

ಎಷ್ಟು ದಿವಸ ಎಂದರೆ ಯಾವುದಕ್ಕೆ ಎಂದು ವತ್ಸಲಾ ಕೇಳಲಿಲ್ಲ. ಹೇಳಲು ಇದೇ ಸಮಯ ಎಂದು ಅವಳಿಗೆ ಗೊತ್ತಾಯಿತು. ಮೈಕಿಲ್ಲ, ಜನವಿಲ್ಲ, ಎದುರಿಗೆ ಒಬ್ಬ ಮುದುಕಿ, ತಾನೂ ಗಂಡನನ್ನು ಕಳೆದುಕೊಂಡವಳು. ಬಾಯಿ ತೆರೆದಳು. "ಕಾಫಿ ಮಾಡ್ತೀನಿ ಇರಿ," ಎಂದಳು.

"ಬ್ಯಾಡ," ಎಂದು ರುದ್ರಮ್ಮ ಮಂಡಿ ಹಿಡಿದು ಎದ್ದರು. "ನಾ ಯಾರ ಮುಂದೂ ಅನ್ನಂಗಿಲ್ಲ. ಅದು ನೀ ಹೇಳೂ ಮಾತು. ಆದ್ರ ಭಾಳ ದಿನ ಇಟ್ಕೊಂಡು ಕುಂದ್ರಬ್ಯಾಡವಾ."

ಅವರು ಹೋದ ಮೇಲೆ ವತ್ಸಲಾ ಕೂತು ಯೋಚಿಸಿದಳು. ತೀರ್ಮಾನ ಸುಲಭವಾಗಿ ಆಯಿತು. ಹೇಳುವುದು ಬೇಡ. ಹೋಗುವುದು, ತುಮಕೂರು ಎನ್ನುವುದು, ಕಾಗದ ಇಸಿದುಕೊಂಡು ಬರುವುದು. ಇನ್ನು ನಾಲ್ಕು ತಿಂಗಳಿಗೋ ಆರು ತಿಂಗಳಿಗೋ ನೋಡಿದರಾಯಿತು. ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ.

ಇಪ್ಪತ್ತಾರರ ಬೆಳಿಗ್ಗೆ ಕ್ಲಬ್‌ಹೌಸಿನ ಮುಂದೆ ಇನ್ನೂರು ಕುರ್ಚಿ. ಬಾವುಟ ಏರಿತು, ಮಕ್ಕಳು ಹಾಡಿದರು, ಅಧ್ಯಕ್ಷರು ಅರ್ಧ ಗಂಟೆ ಮಾತಾಡಿ, ಸಮಯದ ಅಭಾವ ಎಂದು ಕೊನೆಗೂ ಕೂತರು. ಹಿಂದುಗಡೆಯಿಂದ ಉಪ್ಪಿಟ್ಟು ಕೇಸರಿಬಾತಿನ ವಾಸನೆ ಬರುತ್ತಿತ್ತು, ಜನ ಆ ಕಡೆಗೇ ತಿರುಗಿ ನೋಡುತ್ತಿದ್ದರು. ಕಾವ್ಯಾ ಮೈಕು ತೆಗೆದುಕೊಂಡು, ಮೇಷ್ಟ್ರು ಊರಲ್ಲಿಲ್ಲ, ಅವರ ಪರವಾಗಿ ವತ್ಸಲಾ ಆಂಟಿ ಬಂದಿದ್ದಾರೆ ಎಂದಳು. ಜೋರು ಚಪ್ಪಾಳೆ ಬಿತ್ತು. ವತ್ಸಲಾಗೆ ಒಂದು ಕಾಗದ, ಒಂದು ತುಳಸಿ ಗಿಡ. ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಶ್ರೀ ರಾಮಪ್ರಸಾದ್.

ಅವಳು ಮೈಕು ಹಿಡಿದು, ಸ್ಟೋರ್ಸಿನಲ್ಲಿ ಪಟ್ಟಿ ಓದುವ ದನಿಯಲ್ಲಿ ಹೇಳಿದಳು. ಮೆಷಿನ್ನು ತುಂಬದೆ ಹಾಕಬೇಡಿ. ಬಿಸಿನೀರು ಬೇಡ. ಕಾಯಿ ಕುದಿಸಿ. ಬಿಸಿಲಿದ್ದಾಗ ಬಿಸಿಲಿಗೆ ಹಾಕಿ. ಒಂದೂವರೆ ನಿಮಿಷವೂ ಆಗಲಿಲ್ಲ. ಮುಗಿಯಿತು, ಇಳಿಯಬಹುದು ಎಂದುಕೊಳ್ಳುವಾಗ ಮೂರನೆಯ ಸಾಲಿನಲ್ಲಿ ಸುಜಯ್ ಎದ್ದು ನಿಂತ. ಕಂಕುಳಲ್ಲಿ ಮಗಳು.

"ಮೇಡಂ, ಮೇಷ್ಟ್ರಿಗೆ ಒಂದು ಡೌಟ್ ಕೇಳ್ಬೇಕಿತ್ತು. ನೀವೇ ಕೇಳಿ ಹೇಳಿ. ಪಾಪು ಬಿಳಿ ಬಟ್ಟೆ ಎಲ್ಲಾ ಅಂಟವಾಳದಲ್ಲಿ ಮಂಕಾಗ್ತಿದೆ. ಮೇಷ್ಟ್ರು ಬಿಳೀದನ್ನ ಹೆಂಗೆ ಒಗೀತಾರೆ?"

"ಅವ್ರು ಒಂದಿನಾನೂ ಒಗೆದಿಲ್ಲ," ಎಂದಳು ವತ್ಸಲಾ.

ಅದು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಜನ ಗೊಳ್ಳೆಂದು ನಕ್ಕರು. ನಗು ಕೇಳಿ ಎಲ್ಲೋ ಆಳದಲ್ಲಿ ಹಳೆಯ ಕೋಪ ಚುರುಕ್ಕೆಂದಿತು. ಏಳು ತಿಂಗಳಲ್ಲಿ ಅವಳೊಳಗೆ ಏನಾದರೂ ಆದದ್ದು ಅದೇ ಮೊದಲು.

"ಮದ್ವೆಯಾಗಿ ಇಪ್ಪತ್ತೊಂಬತ್ತು ವರ್ಷ. ಒಂದು ಕರ್ಚೀಫು ಒಗೆದಿಲ್ಲ. ಬೀಜ ತೆಗೆದಿದ್ದು ನಾನು, ಕುದಿಸಿದ್ದು ನಾನು, ಕೈ ಸುಟ್ಕೊಂಡಿದ್ದೂ ನಾನೇ. ಸೋಫಾ ಮೇಲೆ ಕೂತು ಪ್ರಯೋಗ, ಪ್ರಯೋಗ ಅಂತಿದ್ರು ಅಷ್ಟೆ."

ಹೆಂಗಸರು ಚಪ್ಪಾಳೆ ಹೊಡೆದರು. ಗಂಡಸರು ಪಕ್ಕದವರ ಬೆನ್ನಿಗೆ ಗುದ್ದಿಕೊಂಡು ನಕ್ಕರು. ಸುಜಯ್ ನಗುತ್ತಲೇ, "ಬರ್ಲಿ ಬಿಡಿ ಮೇಡಂ, ಈ ಸಲ ನಾವೇ ಹಿಡ್ಕೊಂಡು ಒಗೆಸ್ತೀವಿ ಅವ್ರ ಕೈಲಿ," ಎಂದ.

"ಬರಲ್ಲ," ಎಂದಳು. "ತೀರ್ಕೊಂಡ್ರು. ಜೂನಲ್ಲೇ ತೀರ್ಕೊಂಡ್ರು ಅವ್ರು."

ಮುಂದಿನ ಸಾಲಿನವರಿಗೆ ಮೊದಲು ಅರ್ಥವಾಯಿತು. ಹಿಂದಿನವರು ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದರು.

ಸುಜಯ್ ಮಗಳನ್ನು ಎದೆಗೆ ಒತ್ತಿಕೊಂಡು, "ಮೇಡಂ, ಮೊನ್ನೆ ನಂಗೆ ಉತ್ತರ ಬಂತಲ್ಲ," ಎಂದ.

"ನಾನೇ ಕಣಪ್ಪ. ಎಲ್ಲಾ ನಾನೇ." ಅವಳು ಕಾವ್ಯಾಳ ಕಡೆ ತಿರುಗಿ ಕಾಗದ ಚಾಚಿದಳು. "ತಗೋಮ್ಮ. ನಿಮ್ಮ ಪಟ್ಟೀಲಿ ಇಬ್ರು ಅಂತಿದೆ. ತಪ್ಪು ಅದು. ಒಬ್ಳೇ ಅಂತ ಬರ್ಕೋ."

"ಪರವಾಗಿಲ್ಲ ಆಂಟಿ, ಇದು ನಿಮ್ಮ ಹತ್ರಾನೇ..." ಎಂದಳು ಕಾವ್ಯಾ.

"ಬೇಡ. ಒಬ್ಳೇ ಅಂತ ಬರ್ಕೋ."

ಎರಡನೆಯ ಸಲ ಆ ಮಾತು ಹೇಳುವಾಗ ಅವಳಿಗೆ ಅಳು ಬಂತು. ಬಾಯಿಯ ಹತ್ತಿರ ಹಿಡಿದಿದ್ದ ಮೈಕನ್ನು ಕೆಳಗಿಳಿಸಬೇಕೆಂದು ಅವಳಿಗೂ ಹೊಳೆಯಲಿಲ್ಲ, ಇಸಿದುಕೊಳ್ಳಬೇಕೆಂದು ಬೇರೆ ಯಾರಿಗೂ ಹೊಳೆಯಲಿಲ್ಲ. ಅವಳ ಅಳು ಕ್ಲಬ್‌ಹೌಸಿನ ನಾಲ್ಕು ಸ್ಪೀಕರುಗಳಿಂದ ಹೊರಟು ಎ ಬ್ಲಾಕಿಗೆ, ಬಿ ಬ್ಲಾಕಿಗೆ, ಗೇಟಿಗೆ ಕೇಳಿಸಿತು. ಕಾರ್ಯಕ್ರಮಕ್ಕೆ ಬಾರದವರು ಬಾಲ್ಕನಿಗಳಿಗೆ ಬಂದು ಇಣುಕಿದರು. ರುದ್ರಮ್ಮ ವೇದಿಕೆಯ ಎರಡು ಮೆಟ್ಟಿಲನ್ನು ಕಷ್ಟಪಟ್ಟು ಹತ್ತಿ ಬಂದು ಅವಳ ಹೆಗಲು ಹಿಡಿದು, "ಅಳವಾ, ಅಳು," ಎಂದರು.

"ಇನ್ನೂ ಬೈಯೋದಿತ್ತು ಅವ್ರಿಗೆ," ಎಂದಳು ವತ್ಸಲಾ. "ಬೇಕಾದಷ್ಟು ಬೈಯೋದಿತ್ತು."